ಅಜಿಲಿಟಿ ಟ್ರಯಲ್‌ಗೆ ಮೊದಲ ಸಲ ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನನಗೆ ಪರಿಚಯ ಇರುವ ಕನ್ನಡದ ಮನೆಗಳಲ್ಲೇ ಮೂರು ನಾಲ್ಕು ಕಡೆ ಈಗ ನಾಯಿ ಅಜಿಲಿಟಿ, ಅಂದರೆ ಅಡ್ಡಿಗಳನ್ನು ದಾಟಿ ಓಡುವ ಆಟದ ಕ್ಲಾಸಿಗೆ ಹೋಗುತ್ತಿದೆ. ಕ್ಲಾಸಿನಲ್ಲಿ ಜಂಪ್, ಟನಲ್ ಎಲ್ಲಾ ಚೆನ್ನಾಗಿ ಕಲಿಸುತ್ತಾರೆ. ಟ್ರಯಲ್, ಅಂದರೆ ಸ್ಪರ್ಧೆ ನಡೆಯುವ ಜಾಗದಲ್ಲಿ ಹೇಗಿರಬೇಕು ಅಂತ ಯಾರೂ ಕೂರಿಸಿ ಹೇಳುವುದಿಲ್ಲ. ಮೊದಲ ಸಲ ಹೋದವರು ಯಾರಿಂದಲೋ ಗದರಿಸಿಕೊಂಡು, ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬರುತ್ತಾರೆ. ಎಷ್ಟೋ ಜನ ಎರಡನೇ ಟ್ರಯಲ್‌ಗೆ ಹೋಗುವುದೇ ಇಲ್ಲ. ಇದು ನನಗೆ ತುಂಬಾ ಬೇಜಾರಿನ ವಿಷಯ.

ನಾನು ನನ್ನ ನಾಯಿ ಗುಂಡನ ಜೊತೆ ಏಳು ವರ್ಷದಿಂದ ಓಡುತ್ತಿದ್ದೇನೆ. ಓಡದ ಹೊತ್ತಿನಲ್ಲಿ ಗೇಟ್‌ನಲ್ಲಿ, ರಿಂಗ್ ಒಳಗೆ, ಅಂದರೆ ಓಟ ನಡೆಯುವ ಅಂಗಳದ ಒಳಗೆ ಕೆಲಸ ಮಾಡುತ್ತೇನೆ. ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ನಿಯಮದ ಮಾತು ಬಂದ ಕಡೆ ಅದು ಅಮೆರಿಕನ್ ಕೆನಲ್ ಕ್ಲಬ್, ಅಂದರೆ ಎಕೆಸಿ ಟ್ರಯಲ್‌ಗಳ ಬಗ್ಗೆ. ಬೇರೆ ಸಂಸ್ಥೆಗಳಲ್ಲಿ ಸ್ವಲ್ಪ ಬೇರೆ ಇರುತ್ತದೆ. ಪ್ರತಿ ಟ್ರಯಲ್‌ಗೂ ಪ್ರೀಮಿಯಂ ಅಂತ ಒಂದು ಮಾಹಿತಿ ಪತ್ರ ಕೊಡುತ್ತಾರೆ. ಎಂಟ್ರಿ ಕಳಿಸುವ ಮುಂಚೆ ಅದನ್ನು ಪೂರ್ತಿ ಓದಿ.

ಅಜಿಲಿಟಿ ಅಂದರೆ ಏನು? ನಮ್ಮ ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಅವರಿಗೆ ಹೇಗೆ ಹೇಳಲಿ?

ಕುದುರೆಗಳು ಕಂಬ ಹಾರುವ ಸ್ಪರ್ಧೆ ಟಿವಿಯಲ್ಲಿ ನೋಡಿರುತ್ತಾರೆ ಅಲ್ವಾ? ಅದೇ ಥರ, ಆದರೆ ನಾಯಿಗೆ ಅಂತ ಹೇಳಿ. ಹುಟ್ಟಿದ್ದೂ ಹಾಗೇ. 1978ರಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ಕ್ರಫ್ಟ್ಸ್ ಡಾಗ್ ಶೋ ನಡೆಯುತ್ತಿತ್ತು. ಮಧ್ಯದಲ್ಲಿ ಜನರಿಗೆ ಬೇಜಾರಾಗದ ಹಾಗೆ ಏನಾದರೂ ಬೇಕಿತ್ತು. ಕಮಿಟಿಯಲ್ಲಿದ್ದ ಜಾನ್ ವಾರ್ಲಿ ಕುದುರೆ ಸ್ಪರ್ಧೆಯ ಮಾದರಿಯಲ್ಲಿ ಏನಾದರೂ ಮಾಡೋಣ ಅಂದರು. ನಾಯಿ ತರಬೇತಿ ಗೊತ್ತಿದ್ದ ಪೀಟರ್ ಮೀನ್ವೆಲ್ ಅದಕ್ಕೊಂದು ರೂಪ ಕೊಟ್ಟರು. ನೋಡಿದ ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಅಮೆರಿಕದಲ್ಲಿ 1986ರಲ್ಲಿ ಯುಎಸ್‌ಡಿಎಎ ಅನ್ನುವ ಅಜಿಲಿಟಿ ಸಂಸ್ಥೆ ಶುರುವಾಯಿತು. ಎಕೆಸಿ 1994ರಲ್ಲಿ ಅಜಿಲಿಟಿಗೆ ಇಳಿಯಿತು.

ರಿಂಗ್ ಒಳಗೆ ಜಂಪ್, ಟೈರ್, ಟನಲ್, ಎ-ಫ್ರೇಮ್ (ಹತ್ತಿ ಇಳಿಯುವ ಇಳಿಜಾರು ಹಲಗೆಗಳು), ಡಾಗ್‌ವಾಕ್ (ಎತ್ತರದ ಕಿರಿದಾದ ಸೇತುವೆ), ಸೀಸಾ, ಟೇಬಲ್, ವೀವ್ ಪೋಲ್ (ನಾಯಿ ಅಂಕುಡೊಂಕಾಗಿ ನುಸುಳುವ ಕಂಬಗಳ ಸಾಲು) ಇರುತ್ತವೆ. ಯಾವುದರ ನಂತರ ಯಾವುದು ಅಂತ ಜಡ್ಜ್ ನಂಬರ್ ಇಟ್ಟಿರುತ್ತಾರೆ. ನಾಯಿಗೆ ಆ ಕೋರ್ಸ್ ಹೊಸದು. ನಮಗೆ ಮಾತ್ರ ಒಂದಷ್ಟು ನಿಮಿಷ ಒಳಗೆ ನಡೆದು ನೋಡಲು ಬಿಡುತ್ತಾರೆ. ಆಮೇಲೆ ನಾಯಿಯನ್ನು ಮುಟ್ಟದೆ, ಬರೀ ಮಾತು ಮತ್ತು ಮೈಯಿಂದ ದಾರಿ ತೋರಿಸಬೇಕು. ಒಂದು ಓಟ ಮುಗಿಯುವುದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಆ ಒಂದು ನಿಮಿಷಕ್ಕಾಗಿ ಜನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮೂರು ಗಂಟೆ ಕಾರು ಓಡಿಸಿ ಬಂದಿರುತ್ತಾರೆ. ಮುಂದೆ ಬರುವ ಎಲ್ಲಾ ಉತ್ತರಗಳಲ್ಲೂ ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮದು ಜಾತಿ ನಾಯಿ ಅಲ್ಲ. ಸೇರಿಸಿಕೊಳ್ಳುತ್ತಾರಾ?

ಧಾರಾಳವಾಗಿ. ಎಕೆಸಿ 2010ರಿಂದ ಬೆರಕೆ ನಾಯಿಗಳಿಗೂ ಅವಕಾಶ ಕೊಟ್ಟಿದೆ. ಕೆನೈನ್ ಪಾರ್ಟ್ನರ್ಸ್ ಅನ್ನುವ ಪಟ್ಟಿಯಲ್ಲಿ ಹೆಸರು ಬರೆಸಿದರೆ ಆಯಿತು. ಗುಂಡನನ್ನು ನಾವು ತಂದದ್ದು ಶೆಲ್ಟರ್‌ನಿಂದ. ಊರಿಂದ ತಂದ ಬೀದಿ ನಾಯಿಗೂ ಇದೇ ದಾರಿ. ನಾಯಿಗೆ 15 ತಿಂಗಳು ತುಂಬಿರಬೇಕು, ಅಷ್ಟೇ. ಬೆನ್ನಿನ ಎತ್ತರ ಅಳೆದು ಜಂಪ್ ಎತ್ತರ ನಿಗದಿ ಮಾಡುತ್ತಾರೆ.

ನನ್ನ ನಾಯಿ ತುಂಬಾ ಫ್ರೆಂಡ್ಲಿ. ಬೇರೆ ನಾಯಿ ಹತ್ತಿರ ಹೋಗಿ ಮೂಸಿದರೆ ತಪ್ಪೇನು?

ಟ್ರಯಲ್‌ನಲ್ಲಿ ಜನರಿಗೆ ಅತಿ ಹೆಚ್ಚು ಸಿಟ್ಟು ತರಿಸುವ ವಿಷಯ ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ನಾಯಿ ಫ್ರೆಂಡ್ಲಿ ಇರಬಹುದು. ಎದುರಿನ ನಾಯಿ ಈಗ ಯಾವ ಸ್ಥಿತಿಯಲ್ಲಿದೆ ಅಂತ ನಿಮಗೆ ಗೊತ್ತಿಲ್ಲ. ಅದು ಮೊದಲ ಟ್ರಯಲ್‌ಗೆ ಬಂದು ಹೆದರಿರಬಹುದು. ಹಿಂದೆ ಕಚ್ಚಿಸಿಕೊಂಡಿರಬಹುದು. ಅಥವಾ ಇನ್ನೊಂದು ನಿಮಿಷದಲ್ಲಿ ರಿಂಗಿಗೆ ಹೋಗಬೇಕಿದ್ದು, ಅದರ ಮನಸ್ಸೆಲ್ಲಾ ಅದರ ಯಜಮಾನನ ಮೇಲೆ ನೆಟ್ಟಿರಬಹುದು. ಹಾಗಿರುವಾಗ ಒಂದು ಅಪರಿಚಿತ ಮೂತಿ ಬಂದು ಹಿಂದಿನಿಂದ ಮೂಸಿದರೆ ಎಲ್ಲಾ ಕೆಟ್ಟು ಹೋಗುತ್ತದೆ.

ಗುಂಡನಿಗೆ ಎರಡು ವರ್ಷ ಇದ್ದಾಗ ನಡೆದದ್ದು. ಒಂದು ಕುದುರೆ ಲಾಯದ ಒಳಾಂಗಣದಲ್ಲಿ ಟ್ರಯಲ್ ಇತ್ತು. ಕ್ರೇಟ್‌ಗಳ, ಅಂದರೆ ನಾಯಿ ಕೂರಿಸುವ ಪಂಜರಗಳ ಸಾಲಿನ ನಡುವೆ ಓಣಿ ಥರ ದಾರಿ. ನಾವು ತಿರುವಿನಲ್ಲಿ ಬರುವಾಗ, ಎಳೆದರೆ ಉದ್ದವಾಗುವ ಬಳ್ಳಿ (ಲೀಶ್) ಕಟ್ಟಿದ್ದ ಒಂದು ದೊಡ್ಡ ನಾಯಿ ಹಾರಿ ಬಂತು. ಅದರ ಹ್ಯಾಂಡ್ಲರ್, ಅಂದರೆ ಅದನ್ನು ಓಡಿಸುವವರು, ಫೋನಿನಲ್ಲಿ ಮಾತಾಡುತ್ತಿದ್ದರು. ಕಚ್ಚಲಿಲ್ಲ, ಗಾಯ ಆಗಲಿಲ್ಲ. ಆ ಕಡೆಯಿಂದ "ಏನೂ ಮಾಡಲ್ಲ ಬಿಡಿ" ಅಂತ ಮಾತೂ ಬಂತು. ಗುಂಡ ಮಾತ್ರ ಅವತ್ತು ರಿಂಗ್ ಒಳಗೆ ಮೂರನೇ ಜಂಪ್ ಹತ್ತಿರ ನಿಂತುಬಿಟ್ಟ. ಸುತ್ತ ನೋಡುತ್ತಾ ನಡುಗುತ್ತಿದ್ದ. ಆಮೇಲೆ ಆರು ತಿಂಗಳು ಅವನು ಯಾವ ತಿರುವಿನಲ್ಲೂ ಸಲೀಸಾಗಿ ಬರುತ್ತಿರಲಿಲ್ಲ. ಒಂದು ಕ್ಷಣದ ಅಜಾಗ್ರತೆಗೆ ಆರು ತಿಂಗಳು ಕಷ್ಟಪಟ್ಟವನು ಅವನು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ನಾಯಿಗೂ ನಾಯಿಗೂ ನಡುವೆ ಜಾಗ ಬಿಡಿ. ಬಳ್ಳಿ ಆರು ಅಡಿ ದಾಟದಿರಲಿ. ಜನಸಂದಣಿಯಲ್ಲಿ ಇನ್ನೂ ಗಿಡ್ಡ ಹಿಡಿಯಿರಿ. ಉದ್ದವಾಗುವ ಬಳ್ಳಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ತಿರುವಿನಲ್ಲಿ, ಬಾಗಿಲಲ್ಲಿ "ನಾಯಿ ಬರ್ತಿದೆ" ಅಂತ ಒಂದು ಕೂಗು ಹಾಕಿ ಮುಂದೆ ಹೋಗಿ. ಇಂಗ್ಲಿಷಿನಲ್ಲೇ ಕೂಗಿ, ಎದುರಿನವರಿಗೆ ಅರ್ಥ ಆಗಬೇಕು. ನಿಮ್ಮ ನಾಯಿ ಇನ್ನೊಂದನ್ನು ದಿಟ್ಟಿಸಿ ನೋಡುತ್ತಾ ನಿಂತರೂ ತೊಂದರೆಯೇ. ನಮಗೆ ಅದು ಸುಮ್ನೆ ನೋಡಿದ ಹಾಗೆ ಕಾಣುತ್ತದೆ. ನಾಯಿಗಳ ನಡುವೆ ಹಾಗೆ ಕಣ್ಣಿಟ್ಟು ನೋಡುವುದು ಜಗಳದ ಕರೆ.

ಮಕ್ಕಳು ನಾಯಿಗಳನ್ನು ಮುಟ್ಟಬೇಕು ಅಂತ ಆಸೆ ಪಡುತ್ತಾರೆ. ಏನು ಮಾಡಲಿ?

ಮಕ್ಕಳನ್ನು ಕರೆದುಕೊಂಡು ಬನ್ನಿ, ಖಂಡಿತ. ಆದರೆ ಹೊರಡುವ ಮುಂಚೆ ಮೂರು ವಿಷಯ ಹೇಳಿಬಿಡಿ. ಕೇಳದೆ ಯಾವ ನಾಯಿಯನ್ನೂ ಮುಟ್ಟಬಾರದು. ಕ್ರೇಟ್ ಒಳಗೆ ಬೆರಳು ಹಾಕಬಾರದು. ಓಡಬಾರದು. ಓಡುವ ಮಗುವನ್ನು ಕಂಡರೆ ಬಾರ್ಡರ್ ಕೋಲಿಯಂಥ ಕುರಿ ಕಾಯುವ ತಳಿಗಳಿಗೆ ಅಟ್ಟಿಸಿಕೊಂಡು ಹೋಗುವ ಚಟ ರಕ್ತದಲ್ಲೇ ಇದೆ.

ಕೇಳುವುದಕ್ಕೂ ಒಂದು ಹೊತ್ತಿದೆ. ರಿಂಗಿಗೆ ಹೋಗುವ ಮುಂಚೆ ಕೇಳಬೇಡಿ. ಓಟ ಮುಗಿದು, ನಾಯಿಗೆ ನೀರು ಕುಡಿಸಿ, ಅವರು ನಿರಾಳವಾಗಿ ಕೂತಾಗ ಕೇಳಿ. ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ. "ಬೇಡ" ಅಂದರೆ ಮುಖ ಊದಿಸಿಕೊಳ್ಳಬೇಡಿ. ಅವರ ನಾಯಿಯ ಸ್ವಭಾವ ಅವರಿಗೆ ಗೊತ್ತು.

ಕ್ರೇಟ್ ಇಡುವ ಜಾಗಕ್ಕೆ ಅಷ್ಟೊಂದು ಜಗಳ ಯಾಕೆ?

ಜಾಗ ಕಮ್ಮಿ, ನಾಯಿ ಜಾಸ್ತಿ. ಅದಕ್ಕೆ. ಮದುವೆ ಮನೆಯ ಮೊದಲ ಪಂಕ್ತಿಗೆ ಕರವಸ್ತ್ರ ಹಾಸಿ ಜಾಗ ಹಿಡಿಯುವ ಹಾಗೆ, ಇಲ್ಲಿ ಟಾರ್ಪಾಲು ಹಾಸಿ ಐದು ಜನರಿಗೆ ಜಾಗ ಹಿಡಿಯುತ್ತಾರೆ. ಆ ಐದು ಜನ ಮಧ್ಯಾಹ್ನ ಬರುತ್ತಾರೆ. ಅಲ್ಲಿಯ ತನಕ ಬೆಳಗ್ಗೆ ಆರಕ್ಕೆ ಬಂದವರು ಕ್ರೇಟ್ ಹೊತ್ತುಕೊಂಡು ಅಲೆಯುತ್ತಿರುತ್ತಾರೆ. ನನ್ನ ಪ್ರಕಾರ ಇದು ಅನ್ಯಾಯ. ನಿಮಗೆ ಬೇಕಾದಷ್ಟೇ ಜಾಗ ತೆಗೆದುಕೊಳ್ಳಿ. ಒಂದು ನಾಯಿ ಇದ್ದರೆ ಒಂದು ಕ್ರೇಟ್, ಒಂದು ಕುರ್ಚಿ. ಸುತ್ತು ಬೇಲಿ ಥರದ ಪೆನ್ ಬೇಡ ಅಂತ ಪ್ರೀಮಿಯಂನಲ್ಲಿ ಬರೆದಿದ್ದರೆ ತರಬೇಡಿ.

ಇನ್ನೊಂದು ಕಿರಿಕಿರಿ ಬೊಗಳುವುದು. ಎಲ್ಲಾ ನಾಯಿಗಳೂ ಸ್ವಲ್ಪ ಬೊಗಳುತ್ತವೆ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಕ್ರೇಟ್‌ನಲ್ಲಿ ಬಿಟ್ಟು ನೀವು ಎರಡು ಗಂಟೆ ಹರಟೆಗೆ ಹೋಗಿ, ನಾಯಿ ಅಷ್ಟೂ ಹೊತ್ತು ಕಿರುಚಿದರೆ ಅದು ಬೇರೆ ಮಾತು. ಪಕ್ಕದ ಕ್ರೇಟ್‌ನ ನಾಯಿಗೆ ನಿದ್ದೆ ಇಲ್ಲ, ವಿಶ್ರಾಂತಿ ಇಲ್ಲ. ಕ್ರೇಟ್ ಮೇಲೆ ಬಟ್ಟೆ ಹೊದಿಸಿ, ಗಾಳಿ ಆಡುವ ಹಾಗೆ ಒಂದು ಕಡೆ ತೆರೆದಿಡಿ. ಹಾದು ಹೋಗುವವರನ್ನು ನೋಡಿಯೇ ಅರ್ಧ ಬೊಗಳುವುದು. ಅದಕ್ಕೂ ಬಗ್ಗದಿದ್ದರೆ, ಹವೆ ತಂಪಿದ್ದ ದಿನ ಕಾರಿನಲ್ಲೇ ಕ್ರೇಟ್ ಇಡುವುದು ಒಳ್ಳೆಯದು. ನಾಯಿ ಒಂಟಿಯಾಗಿರುವುದನ್ನು ಮನೆಯಲ್ಲಿ ಮೊದಲೇ ಕಲಿತಿರಬೇಕು. ಟ್ರಯಲ್ ದಿನ ಕಲಿಸಲು ಆಗುವುದಿಲ್ಲ.

ಗೇಟ್ ಹತ್ತಿರ ನಿಂತವರು ಯಾಕೆ ಅಷ್ಟು ಗದರುತ್ತಾರೆ?

ನಾನೂ ಗೇಟ್‌ನಲ್ಲಿ ನಿಂತವಳು, ಅದಕ್ಕೆ ಆ ಕಡೆಯ ಕಷ್ಟ ಹೇಳುತ್ತೇನೆ. ಗೇಟ್ ಸ್ಟೀವರ್ಡ್ ಕೈಯಲ್ಲಿ ಓಡುವ ನಾಯಿಗಳ ಪಟ್ಟಿ ಇರುತ್ತದೆ. ಒಂದು ನಾಯಿ ಓಡುತ್ತಿರುವಾಗ ಮುಂದಿನದು ಗೇಟ್‌ನಲ್ಲಿ, ಅದರ ಮುಂದಿನದು ಪಕ್ಕದಲ್ಲಿ ತಯಾರಿರಬೇಕು. ಒಬ್ಬರು ಕಾಣದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಒಬ್ಬೊಬ್ಬರಿಂದ ಅರ್ಧ ನಿಮಿಷ ಹೋದರೂ, ನೂರು ನಾಯಿಗೆ ಐವತ್ತು ನಿಮಿಷ. ಕೊನೆಯ ನಾಯಿ ಕತ್ತಲಲ್ಲಿ ಮನೆಗೆ ಹೋಗುವುದು ಹೀಗೆ.

ಗೇಟ್‌ಗೆ ಬಂದು ಮೊದಲೇ ಹೆಸರು ಹೇಳಿ. ನೀವು ಓಡುವುದಿಲ್ಲ ಅಂತ ತೀರ್ಮಾನಿಸಿದ್ದರೆ ಅದನ್ನೂ ಹೇಳಿ. ಹೇಳದೆ ಮನೆಗೆ ಹೋದವರನ್ನು ಮೈಕ್‌ನಲ್ಲಿ ಕೂಗಿ ಕೂಗಿ ನನ್ನ ಗಂಟಲು ಬತ್ತಿದೆ. ಒಂದೇ ಹೊತ್ತಿಗೆ ಎರಡು ರಿಂಗ್‌ನಲ್ಲಿ ನಿಮ್ಮ ಸರದಿ ಬಂದರೆ ಎರಡೂ ಗೇಟ್‌ನವರಿಗೆ ಮುಂಚೆ ತಿಳಿಸಿ. ಅವರು ಹಿಂದೆ ಮುಂದೆ ಮಾಡಿ ಕೊಡುತ್ತಾರೆ. ಕೂಗಿದಾಗ ಹೋಗಿ "ನನಗೆ ಅಲ್ಲೂ ಇದೆ" ಅಂದರೆ ಸಿಟ್ಟು ಬರುವುದು ಸಹಜ ಅಲ್ವಾ? ಪಟ್ಟಿ ಅಂಟಿಸಿದ ಬೋರ್ಡಿನ ಮುಂದೆ ನಾಯಿ ಸಮೇತ ನಿಂತು ಹರಟಬೇಡಿ.

ಇನ್ನೊಂದು ಮುಖ್ಯ ವಿಷಯ. ನೀವು ಸ್ಟಾರ್ಟ್ ಲೈನ್‌ಗೆ ಬಂದಾಗ ಹಿಂದಿನ ನಾಯಿ ಇನ್ನೂ ರಿಂಗ್ ಒಳಗೇ ಇರಬಹುದು. ಅದಕ್ಕೆ ಬಳ್ಳಿ ಹಾಕುವ ತನಕ ನಿಮ್ಮ ನಾಯಿಯ ಬಳ್ಳಿ ಬಿಚ್ಚಬೇಡಿ. ಬಿಚ್ಚಿದ ಬಳ್ಳಿಯನ್ನು ಹಿಂದಕ್ಕೆ ನೆಲದ ಮೇಲೆ ಹಾಕಿ. ಒಬ್ಬರು ಅದನ್ನು ಎತ್ತಿಕೊಂಡು ಹೋಗಿ ಫಿನಿಶ್ ಹತ್ತಿರ ಇಡುತ್ತಾರೆ. ಬಳ್ಳಿಗೆ ತಿನಿಸಿನ ಚೀಲ, ಆಟಿಕೆ ಏನೂ ತಗಲಿಸಿರಬಾರದು.

ಕೋರ್ಸ್ ನಡೆದು ನೋಡುವಾಗ ಏನಾದರೂ ಕ್ರಮ ಇದೆಯಾ?

ಬರೆದಿಟ್ಟದ್ದು ಕಮ್ಮಿ, ರೂಢಿ ಜಾಸ್ತಿ. ನಾಯಿಯನ್ನು ಒಳಗೆ ತರಬಾರದು. ನಲವತ್ತು ಐವತ್ತು ಜನ ಒಂದೇ ಸಲ ಕೈ ಬೀಸುತ್ತಾ, ತಮ್ಮಷ್ಟಕ್ಕೇ ಗೊಣಗುತ್ತಾ ನಡೆಯುತ್ತಿರುತ್ತಾರೆ. ಮೊದಲ ಸಲ ನೋಡಿದವರಿಗೆ ವಿಚಿತ್ರ ಅನಿಸುತ್ತದೆ. ಅವರು ಓಟವನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳುತ್ತಿದ್ದಾರೆ. ಮಾತಾಡಿಸಬೇಡಿ. ವೀವ್ ಪೋಲ್‌ಗೆ ನಾಯಿ ಮೊದಲ ಕಂಬವನ್ನು ತನ್ನ ಎಡ ಭುಜದ ಕಡೆ ಬಿಟ್ಟೇ ಒಳಗೆ ನುಗ್ಗಬೇಕು. ಆ ಜಾಗದಲ್ಲಿ ಎಲ್ಲರಿಗೂ ಎರಡು ಮೂರು ಸಲ ಅಭ್ಯಾಸ ಮಾಡುವ ಆಸೆ. ನೀವು ಅಲ್ಲೇ ನಿಂತು ಗೆಳತಿಗೆ ಪಾಠ ಹೇಳುತ್ತಿದ್ದರೆ ಇಪ್ಪತ್ತು ಜನ ಸುತ್ತು ಹಾಕಿ ಹೋಗಬೇಕಾಗುತ್ತದೆ. ಚರ್ಚೆ ಇದ್ದರೆ ರಿಂಗ್ ಆಚೆ ಬಂದು ಮಾಡಿ. ಸಮಯ ಮುಗಿಯಿತು ಅಂದ ಕೂಡಲೇ ಹೊರಗೆ ಬನ್ನಿ.

ರಿಂಗ್ ಪಕ್ಕದಲ್ಲಿ ನಿಂತು ನೋಡಬಹುದಾ?

ನೋಡಿ. ಆದರೆ ರಿಂಗ್ ಹಗ್ಗಕ್ಕೆ ಅಂಟಿಕೊಂಡು ನಿಲ್ಲಬೇಡಿ, ಅದರಲ್ಲೂ ನಾಯಿ ಜೊತೆಗಿದ್ದರೆ. ಓಡುವ ನಾಯಿ ಹಗ್ಗದ ಹತ್ತಿರದ ಟನಲ್‌ನಿಂದ ಹೊರಗೆ ಬರುತ್ತದೆ. ಎದುರಿಗೆ ಇನ್ನೊಂದು ನಾಯಿ ಕೂತಿರುತ್ತದೆ. ಏನಾಗಬಹುದು ನೀವೇ ಯೋಚಿಸಿ. ಕೀಂ ಕೀಂ ಅನ್ನುವ ಆಟಿಕೆ ಅಲ್ಲಿ ಬೇಡವೇ ಬೇಡ. ಬಿಸ್ಕತ್ತಿನ ಪ್ಯಾಕೆಟ್ ಪರಪರ ಸದ್ದು ಮಾಡಿದರೂ ಎಷ್ಟೋ ನಾಯಿಗಳು ತಿರುಗಿ ನೋಡುತ್ತವೆ. ಚಪ್ಪಾಳೆ ಓಟ ಮುಗಿದ ಮೇಲೆ ತಟ್ಟಿ. ನಡುವೆ ತಟ್ಟಿದರೆ ಹೆದರುವ ನಾಯಿಗಳಿವೆ. ನಮ್ಮವರು ಗುಂಪಾಗಿ ಬಂದಾಗ ಖುಷಿಯಲ್ಲಿ ದನಿ ಸ್ವಲ್ಪ ಏರುತ್ತದೆ. ಆ ಖುಷಿ ನನಗೂ ಇಷ್ಟ. ಫಿನಿಶ್ ದಾಟುವ ತನಕ ತಡೆದುಕೊಳ್ಳಿ, ಆಮೇಲೆ ಎಷ್ಟು ಬೇಕಾದರೂ ಕೂಗಿ.

ವಿಡಿಯೋ ತೆಗೆಯಬಹುದು. ಸ್ಟಾರ್ಟ್ ಮತ್ತು ಫಿನಿಶ್ ದಾರಿಗೆ ಅಡ್ಡ ನಿಲ್ಲಬೇಡಿ. ಬೇರೆಯವರ ಕೆಟ್ಟ ಓಟದ ವಿಡಿಯೋವನ್ನು ಅವರನ್ನು ಕೇಳದೆ ಯಾರಿಗೂ ಕಳಿಸಬೇಡಿ.

ಜೇಬಿನಲ್ಲಿ ತಿನಿಸು ಇಟ್ಟುಕೊಂಡು ರಿಂಗಿಗೆ ಹೋಗಬಹುದಾ?

ಇಲ್ಲ. ಒಳಗೆ ಹೋಗುವ ಮುಂಚೆ ಜೇಬು ತಡಕಿ ನೋಡಿ. ಒಂದು ಚೂರು ಕೆಳಗೆ ಬಿದ್ದರೂ ಹಿಂದೆ ಬರುವ ಹತ್ತಾರು ನಾಯಿಗಳು ಅಲ್ಲೇ ಮೂಸುತ್ತಾ ನಿಲ್ಲುತ್ತವೆ.

ಓಟ ಕೆಟ್ಟು ಹೋಯಿತು. ರಿಂಗ್ ಒಳಗೇ ನಾಯಿಗೆ ಸರಿಪಡಿಸಿ ಕಲಿಸಬಹುದಾ?

ಇದು ಎಲ್ಲರಿಗೂ ಆಗುತ್ತದೆ. ಜಂಪ್‌ನ ಬಾರ್, ಅಂದರೆ ಅಡ್ಡ ಕೋಲು, ಒಂದು ಬಿದ್ದರೆ ಸಾಕು, ಎಕೆಸಿಯಲ್ಲಿ ಯಾವ ಹಂತದಲ್ಲೂ ಆ ಓಟ ಪಾಸ್ ಆಗುವುದಿಲ್ಲ. ಎ-ಫ್ರೇಮ್, ಡಾಗ್‌ವಾಕ್, ಸೀಸಾದ ತುದಿಯಲ್ಲಿ ಹಳದಿ ಬಣ್ಣ ಬಳಿದ ಜಾಗ ಇರುತ್ತದೆ. ಇಳಿಯುವಾಗ ನಾಯಿ ಅಲ್ಲಿ ಕಾಲಿಡದೆ ಹಾರಿದರೂ ಅಷ್ಟೇ. ಎಲ್ಲಕ್ಕಿಂತ ಮೇಲಿನ ಮಾಸ್ಟರ್ಸ್ ಹಂತದಲ್ಲಂತೂ ಒಂದು ತಪ್ಪೂ ಇರುವಂತಿಲ್ಲ. ಹಾಗಾಗಿ ಒಂದು ದಿನ ಓಡಿದವರಲ್ಲಿ ಎಷ್ಟೋ ಜನ ಬರಿಗೈಲಿ ಮನೆಗೆ ಹೋಗುತ್ತಾರೆ.

ಬಾರ್ ಬಿದ್ದ ಕೂಡಲೇ ಕೆಲವರು ಓಟ ನಿಲ್ಲಿಸಿ ನಾಯಿಯ ಮೇಲೆ ಕಿರುಚುತ್ತಾರೆ. ಕೊರಳಪಟ್ಟಿ ಹಿಡಿದು ದರದರ ಎಳೆದುಕೊಂಡು ಹೋಗುತ್ತಾರೆ. ನನಗೆ ನೋಡಲು ಆಗುವುದಿಲ್ಲ. ಯಾಕೆ ಗೊತ್ತಾ? ಬಹಳ ಸಲ ತಪ್ಪು ನಾಯಿಯದಲ್ಲ. ನಾವು ತಡವಾಗಿ ತಿರುಗಿರುತ್ತೇವೆ. ಕೂಗಿದ್ದು ಅದು ಹಾರಲು ಕಾಲೆತ್ತಿದ ಮೇಲೆ. ನಮ್ಮ ಭುಜ ಒಂದು ಕಡೆ, ಕೈ ಇನ್ನೊಂದು ಕಡೆ. ನಾಯಿ ನಾವು ತೋರಿಸಿದ ಕಡೆಗೇ ಹೋಗಿರುತ್ತದೆ. ಅದಕ್ಕೆ ಬೈಗುಳ ಯಾವ ನ್ಯಾಯ? ಒರಟಾಗಿ ನಡೆದುಕೊಂಡರೆ ಜಡ್ಜ್ ನಿಮ್ಮನ್ನು ಹೊರಗೆ ಕಳಿಸಬಹುದು, ಮೇಲಿನವರಿಗೆ ದೂರು ಕೊಡಲೂಬಹುದು. ಕನ್ನಡದಲ್ಲಿ ಬೈದರೆ ಯಾರಿಗೆ ತಿಳಿಯುತ್ತದೆ ಅಂದುಕೊಳ್ಳಬೇಡಿ. ಮಾತು ತಿಳಿಯದಿದ್ದರೂ ದನಿ ತಿಳಿಯುತ್ತದೆ. ನಾಯಿಗಂತೂ ಮೊದಲು ತಿಳಿಯುತ್ತದೆ.

ಓಟದ ನಡುವೆ ಕಲಿಸಲು ಕೆಲವು ಟ್ರಯಲ್‌ಗಳಲ್ಲಿ ಅವಕಾಶ ಇದೆ. ಅದರ ಕ್ರಮ ಏನು, ಮೊದಲೇ ಯಾರಿಗೆ ಹೇಳಬೇಕು ಅಂತ ಕೇಳಿಕೊಳ್ಳಿ. ಅವಕಾಶ ಇಲ್ಲದ ಕಡೆ ಒಂದೇ ಅಡ್ಡಿಗೆ ಮೂರು ನಾಲ್ಕು ಸಲ ನಾಯಿಯನ್ನು ತಿರುಗಿಸಿ ಕರೆತಂದರೆ ಹೊರಗೆ ಕಾಯುವವರ ಸಮಯ ತಿನ್ನುತ್ತೀರಿ. ಓಟ ಕೆಟ್ಟರೆ ನಾನು ಮಾಡುವುದು ಇಷ್ಟು: ಮುಂದಿನ ಎರಡು ಸುಲಭದ ಜಂಪ್ ಹಾರಿಸಿ, ಜಡ್ಜ್‌ಗೆ ಥ್ಯಾಂಕ್ಸ್ ಹೇಳಿ, ನಗುತ್ತಾ ಹೊರಗೆ ಬರುತ್ತೇನೆ. ಹೊರಗೆ ಗುಂಡನಿಗೆ ಗೆದ್ದಾಗ ಕೊಡುವಷ್ಟೇ ಕೋಳಿ ತುಂಡು ಕೊಡುತ್ತೇನೆ. ಪಾಸ್, ಫೇಲ್ ಅನ್ನುವುದು ಅವನಿಗೆ ಗೊತ್ತೇ ಇಲ್ಲ.

ಜಡ್ಜ್ ತಪ್ಪು ತೀರ್ಪು ಕೊಟ್ಟರು ಅನಿಸಿದರೆ?

ಅನಿಸುತ್ತದೆ. ವಿಡಿಯೋದಲ್ಲಿ ಪಂಜ ಹಳದಿಗೆ ತಗುಲಿದ್ದು ಕಾಣುತ್ತದೆ. ಆದರೆ ಅವರು ಕಂಡದ್ದೇ ತೀರ್ಪು. ವಿಡಿಯೋ ಹಿಡಿದು ವಾದಕ್ಕೆ ಹೋಗಬೇಡಿ. ಲೆಕ್ಕ ಬರೆಯುವುದರಲ್ಲಿ, ಸಮಯ ಬರೆಯುವುದರಲ್ಲಿ ತಪ್ಪಾಗಿದ್ದರೆ ಮಾತ್ರ ಟ್ರಯಲ್ ಸೆಕ್ರೆಟರಿಯನ್ನು ವಿನಯವಾಗಿ ಕೇಳಿ. ಅದನ್ನು ಸರಿಮಾಡುತ್ತಾರೆ.

ಎಲ್ಲರೂ ಬಂದು ಸಲಹೆ ಕೊಡುತ್ತಾರೆ. ಏನನ್ನಲಿ?

"ಥ್ಯಾಂಕ್ಸ್, ನಮ್ಮ ಟೀಚರ್ ಹತ್ತಿರ ಕೇಳುತ್ತೇನೆ" ಅನ್ನಿ, ಸಾಕು. ನೀವೂ ಕೇಳದೆ ಯಾರಿಗೂ ಸಲಹೆ ಕೊಡಬೇಡಿ. ರಿಂಗ್‌ನಿಂದ ಹೊರಗೆ ಬರುವವರ ಕಣ್ಣಲ್ಲಿ ನೀರು ಇರಬಹುದು. ಆ ಹೊತ್ತಿಗೆ "ನೀವು ಬೇಗ ತಿರುಗಬೇಕಿತ್ತು" ಅನ್ನುವ ಮಾತು ಯಾರಿಗೂ ಬೇಡ. ಅವರ ನಾಯಿ ಚೆನ್ನಾಗಿ ಮಾಡಿದ ಒಂದು ವಿಷಯ ಹೇಳಿ. ಹುಡುಕಿದರೆ ಸಿಕ್ಕೇ ಸಿಗುತ್ತದೆ.

ನಾಯಿಗೆ ಕನ್ನಡದಲ್ಲಿ ಕಮಾಂಡ್ ಕೊಡಬಹುದಾ? ಯಾರಾದರೂ ತಪ್ಪು ತಿಳಿಯುತ್ತಾರಾ?

ಯಾವ ಭಾಷೆ ಬೇಕಾದರೂ ಬಳಸಿ. ಯಾರೂ ಏನೂ ಅನ್ನುವುದಿಲ್ಲ. ಕನ್ನಡದಿಂದ ಒಂದು ಲಾಭವೂ ಇದೆ. ಪಕ್ಕದ ರಿಂಗ್‌ನಲ್ಲಿ ಯಾರೋ ಇಂಗ್ಲಿಷಿನಲ್ಲಿ "ಕಮ್", "ಟನಲ್" ಅಂತ ಕೂಗಿದರೆ ಎಷ್ಟೋ ನಾಯಿಗಳು ಆ ಕಡೆ ಕಿವಿ ಕೊಡುತ್ತವೆ. ಗುಂಡ ಅಲುಗುವುದಿಲ್ಲ.

ಆದರೆ ಪದ ಆರಿಸುವಾಗ ಹುಷಾರು. ನಾನು ಮೊದಲು ಜಂಪ್‌ಗೆ "ಹಾರು", ಎ-ಫ್ರೇಮ್‌ಗೆ "ಏರು", ಟನಲ್‌ಗೆ "ತೂರು" ಅಂತ ಇಟ್ಟಿದ್ದೆ. ಕೇಳಲು ಚೆಂದ. ಓಡುತ್ತಾ ಏದುಸಿರಿನಲ್ಲಿ ಕೂಗಿದಾಗ ಮೂರೂ "ರು" ಅಂತಲೇ ಮುಗಿಯುತ್ತವೆ. ಗುಂಡ ಟನಲ್ ಬಿಟ್ಟು ಎ-ಫ್ರೇಮ್ ಏರುತ್ತಿದ್ದ. ಈಗ ಟನಲ್‌ಗೆ "ಗುಹೆ", ಎ-ಫ್ರೇಮ್‌ಗೆ "ಬೆಟ್ಟ", ಜಂಪ್‌ಗೆ ಮಾತ್ರ "ಹಾರು". ದೂರ ಸರಿಯಲು "ಆಚೆ". ಒಂದಕ್ಕೊಂದು ಸಂಬಂಧವೇ ಇಲ್ಲದ ಸದ್ದುಗಳು. ಅವನಿಗೆ ಎಲ್ಲಾ ಸ್ಪಷ್ಟ.

ಕೆಲಸಕ್ಕೆ ಜನ ಬೇಕು ಅಂತ ಕೂಗುತ್ತಲೇ ಇರುತ್ತಾರೆ. ಹೊಸಬರೂ ಮಾಡಬೇಕಾ?

ಮಾಡಿ. ಟ್ರಯಲ್ ನಡೆಯುವುದೇ ಬಂದವರ ಕೈಗಳಿಂದ. ದುಡ್ಡು ಕೊಟ್ಟು ಬಂದಿದ್ದೇನೆ, ಕೆಲಸ ಯಾಕೆ ಮಾಡಲಿ ಅನ್ನುವವರಿದ್ದಾರೆ. ಆಳು ಸಿಗದೆ ರಿಂಗ್ ನಿಂತಾಗ ಅವರೇ ಮೊದಲು ಗೊಣಗುತ್ತಾರೆ. ನಮ್ಮ ಕಡೆ ಊರ ಜಾತ್ರೆಯಲ್ಲಿ ಬಡಿಸಲು ಎಲ್ಲರೂ ಸೊಂಟ ಕಟ್ಟಿ ನಿಲ್ಲುವುದಿಲ್ಲವಾ, ಹಾಗೇ ಅಂದುಕೊಳ್ಳಿ.

ಹೊಸಬರಿಗೆ ಬಳ್ಳಿ ಒಯ್ಯುವ ಕೆಲಸ ಸುಲಭ. ಬಿದ್ದ ಬಾರ್ ಮತ್ತೆ ಇಡುವ ಕೆಲಸವೂ ಸುಲಭ, ಆದರೆ ನಾಯಿ ಓಡುವಾಗ ಕುರ್ಚಿಯಲ್ಲಿ ಅಲುಗದೆ ಕೂರಬೇಕು. ಫೋನ್ ಒಳಗಿಡಿ. ನಾಯಿ ಆ ಜಾಗ ದಾಟಿ ಹೋಗಿ, ಮತ್ತೆ ಅಲ್ಲಿಗೇ ಬರುವುದಿಲ್ಲ ಅಂತ ಖಚಿತ ಮಾಡಿಕೊಂಡು ಏಳಿ. ಎತ್ತರ ಬದಲಾಯಿಸುವಾಗ ಎರಡೂ ಕಡೆ ಒಂದೇ ಅಳತೆಗೆ ಇದೆಯಾ ಅಂತ ನೋಡಿ. ಓರೆಯಾದ ಬಾರ್ ನಾಯಿಗೆ ಅಪಾಯ. ಜಡ್ಜ್ ಕೈಸನ್ನೆಯಲ್ಲಿ ತೋರಿಸುವ ತಪ್ಪುಗಳನ್ನು ಬರೆಯುವ ಕೆಲಸ ಕೊಟ್ಟರೆ ನಾಯಿಯನ್ನು ನೋಡಲೇಬೇಡಿ, ಜಡ್ಜ್ ಕೈಯನ್ನು ಮಾತ್ರ ನೋಡಿ. ಇದು ಕಷ್ಟ, ಕಣ್ಣು ತಾನಾಗೇ ನಾಯಿಯ ಹಿಂದೆ ಓಡುತ್ತದೆ. ರಿಂಗ್ ಒಳಗೆ ಕೂತು ಮೂವತ್ತು ಓಟ ನೋಡಿದರೆ ನೀವು ಕಲಿಯುವುದು ಹತ್ತು ಕ್ಲಾಸಿಗೆ ಸಮ ಅಂತ ನನ್ನ ಅನುಭವ.

ಹೆಣ್ಣು ನಾಯಿ ಹೀಟ್‌ಗೆ ಬಂದಿದೆ. ಕರೆತರಬಹುದಾ?

ಎಕೆಸಿ ಟ್ರಯಲ್‌ನಲ್ಲಿ ಓಡುವಂತಿಲ್ಲ. ಸೆಕ್ರೆಟರಿಗೆ ಕೂಡಲೇ ತಿಳಿಸಿ. ದುಡ್ಡು ವಾಪಸ್ ಬರುತ್ತದಾ ಅನ್ನುವುದು ಪ್ರೀಮಿಯಂನಲ್ಲಿ ಬರೆದಿರುತ್ತದೆ.

ಊಟ ತರಬಹುದಾ?

ಎಲ್ಲರೂ ತರುತ್ತಾರೆ, ಹಂಚಿಕೊಂಡು ತಿನ್ನುತ್ತಾರೆ. ನನ್ನ ಪುಳಿಯೋಗರೆಗೆ ಅಲ್ಲಿ ಕಾಯುವವರಿದ್ದಾರೆ. ಆದರೆ ಡಬ್ಬಿಯನ್ನು ನಾಯಿಯ ಬಾಯಿಗೆ ಸಿಗುವ ಎತ್ತರದಲ್ಲಿ ಬಿಡಬೇಡಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ನಮ್ಮ ಪಾಯಸ, ಕೇಸರಿಬಾತ್‌ನಲ್ಲಿ ಒಣದ್ರಾಕ್ಷಿ ಇದ್ದೇ ಇರುತ್ತದೆ. ಬೇರೆಯವರ ನಾಯಿಗೆ ಕೇಳದೆ ಒಂದು ಚೂರೂ ಹಾಕಬೇಡಿ. ಕೆಲವಕ್ಕೆ ಅಲರ್ಜಿ ಇರುತ್ತದೆ, ಪಥ್ಯ ಇರುತ್ತದೆ.

ನಾಯಿ ಎಲ್ಲೆಂದರಲ್ಲಿ ಗಲೀಜು ಮಾಡಿದರೆ?

ಎತ್ತಿ. ಜೇಬಿನಲ್ಲಿ ಯಾವಾಗಲೂ ಎರಡು ಚೀಲ ಇರಲಿ, ಒಂದು ನಿಮಗೆ, ಒಂದು ಮರೆತವರಿಗೆ. ಬಾಡಿಗೆಗೆ ಜಾಗ ಕೊಟ್ಟವರು ಗಲೀಜು ಕಂಡರೆ ಮುಂದಿನ ವರ್ಷ ಕೊಡುವುದಿಲ್ಲ. ಹೀಗೆ ಒಂದು ಒಳ್ಳೆಯ ಮೈದಾನ ನಮ್ಮ ಕೈತಪ್ಪಿದ್ದು ನನಗೆ ಗೊತ್ತು. ರಿಂಗಿಗೆ ಹೋಗುವ ಮುಂಚೆ ಒಂದು ಸುತ್ತು ನಡೆಸಿ ತನ್ನಿ. ಒಳಗೆ ಮಾಡಿದರೆ ಆ ಓಟ ಅಲ್ಲಿಗೇ ಮುಗಿಯಿತು.

ಬೇಸಿಗೆಯಲ್ಲಿ ಕಾರಿನೊಳಗೆ ನಾಯಿ ಇಟ್ಟವರನ್ನು ಕಂಡರೆ ಏನು ಮಾಡಲಿ?

ಅನುಭವ ಇದ್ದವರು ಕಾರಿಗೆ ಹೊಳೆಯುವ ನೆರಳು ಬಟ್ಟೆ ಹೊದಿಸಿ, ಹಿಂದಿನ ಬಾಗಿಲು ತೆರೆದಿಟ್ಟು, ಫ್ಯಾನ್ ಹಾಕಿರುತ್ತಾರೆ. ಹಾಗಿದ್ದರೆ ಹತ್ತಿರ ಹೋಗಿ ಇಣುಕಬೇಡಿ. ಮಲಗಿದ ನಾಯಿ ಎದ್ದು ಬೊಗಳುತ್ತದೆ. ಕಿಟಕಿ ಮುಚ್ಚಿದ್ದು, ನಾಯಿ ಬಾಯಿ ತೆರೆದು ಜೋರಾಗಿ ಏದುಸಿರು ಬಿಡುತ್ತಾ ಜೊಲ್ಲು ಸುರಿಸುತ್ತಿದ್ದರೆ ಒಂದು ಕ್ಷಣವೂ ಕಾಯಬೇಡಿ. ಕಾರಿನ ನಂಬರ್ ನೋಡಿಕೊಂಡು ಸೆಕ್ರೆಟರಿಯ ಟೇಬಲ್‌ಗೆ ಓಡಿ, ಮೈಕ್‌ನಲ್ಲಿ ಕೂಗಿಸಿ. ಆ ಹೊತ್ತಿಗೆ ಯಾರೋ ಓಡುತ್ತಿದ್ದರೂ ಪರವಾಗಿಲ್ಲ.

ಕಾರು ಎಲ್ಲಿ ನಿಲ್ಲಿಸಬೇಕು?

ಬಾಗಿಲ ಹತ್ತಿರ ಸಾಮಾನು ಇಳಿಸಿ, ಕೂಡಲೇ ಕಾರನ್ನು ದೂರಕ್ಕೆ ಒಯ್ಯಿರಿ. ಕ್ರೇಟ್ ಜೋಡಿಸಿ ಆಮೇಲೆ ತೆಗೆಯೋಣ ಅಂದರೆ ಹಿಂದೆ ಹತ್ತು ಕಾರು ನಿಂತಿರುತ್ತವೆ. ಸಂಜೆ ಹೊರಡುವಾಗಲೂ ಹಾಗೇ. ಮೊದಲು ಸಾಮಾನು ಕಟ್ಟಿ, ಆಮೇಲೆ ಕಾರು ತನ್ನಿ. ಎರಡು ಕಾರುಗಳ ನಡುವೆ ನಾಯಿ ಇಳಿಸಬೇಕಾದರೆ ಬಾಗಿಲು ಪೂರ್ತಿ ತೆಗೆಯುವ ಮುಂಚೆಯೇ ಒಳಗೆ ಕೈ ಹಾಕಿ ಬಳ್ಳಿ ಸಿಗಿಸಿ. ಪಕ್ಕದ ಕಾರಿನಿಂದಲೂ ಯಾರೋ ತಮ್ಮ ನಾಯಿಯನ್ನು ಇಳಿಸುತ್ತಿರಬಹುದು. ಅವರದು ಇಳಿದು ಹೋಗುವ ತನಕ ನಿಮ್ಮದನ್ನು ಒಳಗೇ ಕೂರಿಸಿಕೊಳ್ಳಿ.